ಡಾಕ್ಟರ್ ಆಸ್ಬ್ಯೋರ್ನ್ ಫೋಲಿಂಗ್

ಹುಟ್ಟಿದಾಗ ಎಲ್ಲ ಶಿಶುಗಳಂತೆಯೇ ಇದ್ದು, ತಿಂಗಳುಗಳು ಕಳೆದಂತೆ ನಡೆಯುವುದನ್ನೂ ನುಡಿಯುವುದನ್ನೂ ಕಲಿಯದೆ ಉಳಿದುಬಿಡುವ ಮಕ್ಕಳು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಅಂತಹ ಮಗುವನ್ನು ಕಂಡಾಗ ಕೆಲವರು ಹಣೆಯ ಬರಹವೆನ್ನುತ್ತಾರೆ. ಕೆಲವರು ಪೂರ್ವಜನ್ಮದ ಕರ್ಮವೆನ್ನುತ್ತಾರೆ. ಇನ್ನು ಕೆಲವರು ಹೆತ್ತ ತಾಯಿಯನ್ನೇ ದೂಷಿಸುತ್ತಾರೆ. ಇದೇಕೆ ಹೀಗಾಯಿತು ಎಂಬ ಪ್ರಶ್ನೆ ಸಾಮಾನ್ಯವಾಗಿ ಅಲ್ಲಿಗೇ ಮುಗಿದುಹೋಗುತ್ತದೆ. ಆದರೆ ಆ ಪ್ರಶ್ನೆಯನ್ನು ಬಿಡದೆ ಹಿಡಿದ ತಾಯಿಯೊಬ್ಬಳಿದ್ದಳು. ಅವಳ ಮಾತನ್ನು ತಾಳ್ಮೆಯಿಂದ ಕೇಳಿದ ವೈದ್ಯರೊಬ್ಬರಿದ್ದರು. ಇವರಿಬ್ಬರಿಂದಾಗಿ ಇಂದು ಎಷ್ಟೋ ದೇಶಗಳಲ್ಲಿ ಎಷ್ಟೋ ಮಕ್ಕಳು ಬುದ್ಧಿವಂತರಾಗಿ ಬೆಳೆಯುತ್ತಿದ್ದಾರೆ. ಆ ವೈದ್ಯರೇ ನಾರ್ವೆ ದೇಶದ ಡಾಕ್ಟರ್ ಆಸ್ಬ್ಯೋರ್ನ್ ಫೋಲಿಂಗ್.

ಯುರೋಪು ಖಂಡದ ಉತ್ತರ ತುದಿಯಲ್ಲಿರುವ ನಾರ್ವೆಯು ಹಿಮದ ನಾಡು, ಬೆಟ್ಟಗಳ ನಾಡು. ಅಲ್ಲಿನ ಕ್ವಾಮ್ ಎಂಬ ಊರಿನ ರೈತ ಮನೆತನದಲ್ಲಿ ಫೋಲಿಂಗರು 1888ನೆಯ ಇಸವಿ ಆಗಸ್ಟ್ 23ರಂದು ಜನಿಸಿದರು. ಹೊಲಗದ್ದೆಗಳ ನಡುವೆ ಬೆಳೆದ ಹುಡುಗನಿಗೆ ವಿದ್ಯೆಯ ಮೇಲೆ ಅಪಾರವಾದ ಆಸೆ. ಟ್ರಾಂಡ್‌ಹೈಮ್ ನಗರದ ತಾಂತ್ರಿಕ ವಿದ್ಯಾಲಯವನ್ನು ಸೇರಿ, 1916ರಲ್ಲಿ ರಸಾಯನ ಶಾಸ್ತ್ರದಲ್ಲಿ ತೇರ್ಗಡೆಯಾದರು. ಅಷ್ಟಕ್ಕೇ ತೃಪ್ತರಾಗಿದ್ದರೆ ಅವರು ಒಳ್ಳೆಯ ರಸಾಯನಜ್ಞರಾಗಿ ಸುಖವಾಗಿ ಬಾಳಬಹುದಾಗಿತ್ತು. ಆದರೆ ಅವರು ಮತ್ತೆ ವಿದ್ಯಾರ್ಥಿಯಾಗಿ ವೈದ್ಯಶಾಸ್ತ್ರವನ್ನು ಅಭ್ಯಾಸ ಮಾಡಿ, 1922ರಲ್ಲಿ ವೈದ್ಯರಾದರು. ಆಗ ಅವರ ವಯಸ್ಸು ಮೂವತ್ತನ್ನು ಮೀರಿತ್ತು. ಮುಂದೆ ಅಮೆರಿಕಕ್ಕೂ ಹೋಗಿ ಜ್ಞಾನವನ್ನು ಸಂಪಾದಿಸಿಕೊಂಡು ಬಂದರು. ರೋಗಿಯ ಹಾಸಿಗೆಯ ಬಳಿಯಲ್ಲಿ ನಿಲ್ಲುವ ವೈದ್ಯ ಮತ್ತು ಪ್ರಯೋಗಶಾಲೆಯ ಗಾಜಿನ ನಳಿಕೆಯನ್ನು ಹಿಡಿಯುವ ರಸಾಯನಜ್ಞ, ಈ ಇಬ್ಬರೂ ಅವರೊಬ್ಬರಲ್ಲಿಯೇ ಕೂಡಿದ್ದರು. ಈ ಕೂಟದ ಫಲವು ಕೆಲವು ವರ್ಷಗಳಲ್ಲಿಯೇ ಕಾಣಿಸಿಕೊಂಡಿತು.

1934ರಲ್ಲಿ, ಫೋಲಿಂಗರು ಓಸ್ಲೋ ನಗರದಲ್ಲಿದ್ದಾಗ, ಒಬ್ಬ ತಾಯಿಯು ತನ್ನ ಇಬ್ಬರು ಮಕ್ಕಳ ಸಂಕಟವನ್ನು ಹೇಳಿಕೊಂಡು ಅವರಲ್ಲಿಗೆ ಬಂದಳು. ಮಗಳಿಗೆ ಆರು ವರ್ಷ ದಾಟಿತ್ತು. ಕೆಲವೇ ಮಾತುಗಳನ್ನು ಆಡಬಲ್ಲವಳಾಗಿದ್ದಳು. ಮಗನಿಗೆ ನಾಲ್ಕು ವರ್ಷ. ನಡೆಯಲಾರ, ಮಾತನಾಡಲಾರ, ತನ್ನ ಕೈಯಿಂದ ತಾನು ಉಣ್ಣಲಾರ. ಆ ತಾಯಿಯು ಹತ್ತಾರು ವೈದ್ಯರ ಬಾಗಿಲನ್ನು ತಟ್ಟಿದ್ದಳು. ಯಾರಿಂದಲೂ ಕಾರಣ ತಿಳಿದಿರಲಿಲ್ಲ. ಮಕ್ಕಳ ಮೈಯಿಂದ ಒಂದು ಬಗೆಯ ಮುಗ್ಗಲು ವಾಸನೆ ಬರುತ್ತದೆಂಬುದನ್ನು ಅವಳು ಗಮನಿಸಿ, ಹೋದಲ್ಲೆಲ್ಲ ಹೇಳುತ್ತಿದ್ದಳು. ಹೆಚ್ಚಿನವರು ಆ ಮಾತಿಗೆ ಬೆಲೆ ಕೊಡಲಿಲ್ಲ. ಫೋಲಿಂಗರು ಕೊಟ್ಟರು.

ಮಕ್ಕಳನ್ನು ಪರೀಕ್ಷಿಸಿದಾಗ ಅವರಿಗೂ ವಿಶೇಷವೇನೂ ಕಾಣಲಿಲ್ಲ. ಆದರೂ ಮಕ್ಕಳ ಮೂತ್ರವನ್ನು ತರಿಸಿ, ಆ ಕಾಲದಲ್ಲಿ ರೂಢಿಯಲ್ಲಿದ್ದ ಸಾಧಾರಣ ಪರೀಕ್ಷೆಗಳನ್ನು ಮಾಡಿದರು. ಅವುಗಳಲ್ಲೊಂದು ಫೆರಿಕ್ ಕ್ಲೋರೈಡ್ ಪರೀಕ್ಷೆ. ಮಧುಮೇಹವು ತೀವ್ರವಾಗಿರುವ ರೋಗಿಯ ಮೂತ್ರಕ್ಕೆ ಈ ದ್ರಾವಣದ ಕೆಲವು ತೊಟ್ಟುಗಳನ್ನು ಹಾಕಿದರೆ ಅದು ಕೆಂಪಾಗುವುದು. ಇತರರದು ಕಂದು ಬಣ್ಣದಲ್ಲಿಯೇ ಉಳಿಯುವುದು. ಈ ಮಕ್ಕಳ ಮೂತ್ರವು ಕೆಂಪಾಗಲಿಲ್ಲ, ಕಂದಾಗಿಯೂ ಉಳಿಯಲಿಲ್ಲ. ಗಾಢವಾದ ಹಸಿರು ಬಣ್ಣಕ್ಕೆ ತಿರುಗಿತು. ಕೆಲವು ನಿಮಿಷಗಳ ಮೇಲೆ ಆ ಹಸಿರು ಮಾಸಿಹೋಯಿತು.

ಇಂತಹ ಬಣ್ಣವನ್ನು ಅವರು ಎಂದೂ ಕಂಡಿರಲಿಲ್ಲ. ಯಾವುದೋ ಔಷಧದ ಪ್ರಭಾವವಿರಬಹುದೆಂದು ಸಂದೇಹಿಸಿ, ಮಕ್ಕಳಿಗೆ ಕೊಡುತ್ತಿದ್ದ ಔಷಧಗಳನ್ನೆಲ್ಲ ನಿಲ್ಲಿಸಲು ಹೇಳಿದರು. ಮರಳಿ ಪರೀಕ್ಷಿಸಿದಾಗಲೂ ಅದೇ ಹಸಿರು. ಅಲ್ಲಿಂದ ಮುಂದೆ ನಡೆದುದು ಒಂದು ತಪಸ್ಸೇ ಸರಿ. ಸುಮಾರು ಎರಡು ತಿಂಗಳ ಕಾಲ ಆ ತಾಯಿಯು ಮೂತ್ರವನ್ನು ತಂದೊಪ್ಪಿಸುತ್ತಲೇ ಇದ್ದಳು. ಅದರ ಮೊತ್ತವು 20 ಲೀಟರಿಗೂ ಮಿಕ್ಕಿತೆಂದರೆ ಅವಳ ಛಲವನ್ನು ನೀವೇ ಊಹಿಸಿಕೊಳ್ಳಿರಿ. ಅಷ್ಟರಿಂದ ಫೋಲಿಂಗರು ಆ ಅಜ್ಞಾತ ವಸ್ತುವನ್ನು ಬೇರ್ಪಡಿಸಿ, ಶುದ್ಧವಾದ ಹರಳುಗಳನ್ನಾಗಿ ಮಾಡಿದರು. ಗಾಳಿಯ ಸಂಪರ್ಕದಿಂದ ಬೇಗನೆ ಕೆಡುವ ವಸ್ತು ಅದು. ಆದುದರಿಂದ ಕೆಲಸವು ಬಹು ಜಾಗರೂಕತೆಯಿಂದ ನಡೆಯಬೇಕಾಗಿತ್ತು. ಕೊನೆಗೆ ಅದು ಫೀನೈಲ್ ಪೈರುವಿಕ್ ಆಮ್ಲವೆಂದು ಸಿದ್ಧವಾಯಿತು. ಆರೋಗ್ಯವಂತರ ಮೂತ್ರದಲ್ಲಿ ಹೀಗೆ ಕಾಣಿಸಿಕೊಳ್ಳದ ವಸ್ತು ಅದು!

ಇಬ್ಬರು ಮಕ್ಕಳಲ್ಲಿ ಕಂಡುದು ಆಕಸ್ಮಿಕವಾಗಿರಬಹುದಲ್ಲವೆ? ನಿಜವಾದ ವಿಜ್ಞಾನಿಯು ಆತುರಪಡುವುದಿಲ್ಲ. ಫೋಲಿಂಗರು ಬುದ್ಧಿಯ ಬೆಳವಣಿಗೆ ಕುಂಠಿತವಾದವರು ವಾಸವಾಗಿದ್ದ ಸಂಸ್ಥೆಗಳಿಂದ 430 ಮಂದಿಯ ಮೂತ್ರವನ್ನು ತರಿಸಿ ಪರೀಕ್ಷಿಸಿದರು. ಅವರಲ್ಲಿ ಎಂಟು ಮಂದಿಯಲ್ಲಿ ಹಸಿರು ಬಣ್ಣವು ಕಾಣಿಸಿಕೊಂಡಿತು. ಮೊದಲಿನ ಇಬ್ಬರು ಸೇರಿ ಹತ್ತು ಮಂದಿ. ಅದೇ ವರ್ಷ, 1934ರಲ್ಲಿ, ಈ ಹೊಸ ರೋಗದ ವಿವರವನ್ನು ಅವರು ಲೋಕಕ್ಕೆ ತಿಳಿಸಿದರು. ನಾರ್ವೆಯಲ್ಲಿ ಅದಕ್ಕೆ ಫೋಲಿಂಗರ ರೋಗವೆಂದೇ ಹೆಸರಾಯಿತು. ಬೇರೆಡೆಗಳಲ್ಲಿ ಫೀನೈಲ್‌ಕೀಟೋನ್ಯೂರಿಯ ಎನ್ನುತ್ತಾರೆ.

ವಿದ್ಯಾರ್ಥಿ ಮಿತ್ರರೇ, ಈ ರೋಗದ ಬಗೆಯನ್ನು ಸ್ವಲ್ಪ ತಿಳಿದುಕೊಳ್ಳೋಣ. ನಾವು ಉಣ್ಣುವ ಬೇಳೆ, ಹಾಲು, ಮೊಟ್ಟೆ, ಮಾಂಸ ಮೊದಲಾದವುಗಳಲ್ಲಿ ಪ್ರೋಟೀನು ಇದೆ. ಪ್ರೋಟೀನಿನ ಘಟಕಗಳಲ್ಲಿ ಫೀನೈಲಲನೀನ್ ಎಂಬುದು ಒಂದು. ನಮ್ಮ ಯಕೃತ್ತಿನಲ್ಲಿರುವ ಒಂದು ಕಿಣ್ವವು ಅದನ್ನು ಬೇರೊಂದು ಉಪಯುಕ್ತ ವಸ್ತುವಾಗಿ ಮಾರ್ಪಡಿಸುತ್ತದೆ. ಕೂದಲಿಗೂ ಚರ್ಮಕ್ಕೂ ಬಣ್ಣವು ಬರುವುದು ಆ ವಸ್ತುವಿನಿಂದಲೇ. ಈ ಮಕ್ಕಳಲ್ಲಿ ಆ ಕಿಣ್ವವು ಕೆಲಸ ಮಾಡದು. ಆದುದರಿಂದ ಫೀನೈಲಲನೀನ್ ರಕ್ತದಲ್ಲಿ ತುಂಬಿಕೊಂಡು, ಬೆಳೆಯುತ್ತಿರುವ ಮಿದುಳನ್ನು ಕೆಡಿಸುತ್ತದೆ. ತಾಯಿಯು ಪ್ರೀತಿಯಿಂದ ಉಣಿಸುವ ಹಾಲೇ ಮಗುವಿಗೆ ವಿಷವಾಗಿ ಪರಿಣಮಿಸುವುದೆಂದರೆ ಇದಕ್ಕಿಂತ ದಾರುಣವಾದುದು ಯಾವುದಿದೆ?

ಇದು ಅಂಟುರೋಗವಲ್ಲ. 1945ರಲ್ಲಿ ಫೋಲಿಂಗರೂ ಅವರ ಸಹೋದ್ಯೋಗಿಗಳೂ ಇದು ವಂಶಪಾರಂಪರ್ಯವಾಗಿ ಬರುವ ಕ್ರಮವನ್ನು ಸ್ಪಷ್ಟಪಡಿಸಿದರು. ತಂದೆ ತಾಯಿಗಳಿಬ್ಬರೂ ಪೂರ್ಣ ಆರೋಗ್ಯವಂತರಾಗಿರುತ್ತಾರೆ. ಆದರೆ ಇಬ್ಬರಲ್ಲಿಯೂ ದೋಷಯುಕ್ತವಾದ ಒಂದೊಂದು ಜೀನು ಅಡಗಿರುತ್ತದೆ. ಎರಡೂ ಒಂದೇ ಮಗುವಿಗೆ ಬಂದರೆ ಮಾತ್ರ ರೋಗ. ಹುಟ್ಟುವ ಪ್ರತಿಯೊಂದು ಮಗುವಿಗೂ ಆ ಸಂಭವವು ನಾಲ್ಕರಲ್ಲೊಂದು ಪಾಲು. ಇದರಲ್ಲಿ ಯಾರ ಪಾಪವೂ ಇಲ್ಲ, ಯಾರ ತಪ್ಪೂ ಇಲ್ಲ.

ಕಾರಣವು ತಿಳಿದರೂ ಚಿಕಿತ್ಸೆಯು ಒಡನೆಯೇ ದೊರೆಯಲಿಲ್ಲ. ಆ ತಾಯಿಯ ಮಕ್ಕಳಿಗೆ ಈ ಶೋಧದಿಂದ ಪ್ರಯೋಜನವಾಗಲಿಲ್ಲ. ಮಗನು ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡನು. ಆದರೆ ಬೆಳಗಿದ ದೀಪವು ಆರಲಿಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಹಾರ್ಸ್ಟ್ ಬಿಕೆಲ್ ಎಂಬ ವೈದ್ಯರೂ ಅವರ ಸಂಗಡಿಗರೂ ಹಾಲಿನ ಪ್ರೋಟೀನನ್ನು ಒಡೆದು, ಇದ್ದಿಲಿನ ಮೂಲಕ ಸೋಸಿ, ಫೀನೈಲಲನೀನನ್ನು ತೆಗೆದುಹಾಕಿದ ಆಹಾರವನ್ನು ಸಿದ್ಧಪಡಿಸಿದರು. ಅದನ್ನು ಸೇವಿಸಿದ ಪುಟ್ಟ ಬಾಲಿಕೆಯೊಬ್ಬಳು ಕೆಲವು ತಿಂಗಳಲ್ಲಿ ಅಂಬೆಗಾಲಿಕ್ಕಿದಳು, ಎದ್ದು ನಿಂತಳು. ಅವಳ ಕಣ್ಣುಗಳಲ್ಲಿ ಬೆಳಕು ಮೂಡಿತು. ಈ ವೃತ್ತಾಂತವು 1953ರಲ್ಲಿ ಪ್ರಕಟವಾಯಿತು. ಆದರೆ ಒಮ್ಮೆ ಕೆಟ್ಟ ಮಿದುಳನ್ನು ಪೂರ್ತಿಯಾಗಿ ಸರಿಪಡಿಸಲಾಗದು. ಪಥ್ಯವು ಹುಟ್ಟಿದ ಕೆಲವೇ ದಿನಗಳಲ್ಲಿ ಮೊದಲಾಗಬೇಕು. ಅದಕ್ಕೆ ಉಪಾಯವನ್ನು ಕಂಡುಹಿಡಿದವರು ಅಮೆರಿಕದ ರಾಬರ್ಟ್ ಗತ್ರಿ. ಶಿಶುವಿನ ಹಿಮ್ಮಡಿಯನ್ನು ಚುಚ್ಚಿ, ಒಂದೆರಡು ತೊಟ್ಟು ರಕ್ತವನ್ನು ಸೋಸುಕಾಗದದ ಮೇಲೆ ಹೀರಿಸಿ ಪರೀಕ್ಷಿಸುವ ಅವರ ವಿಧಾನವು 1960ರ ದಶಕದಲ್ಲಿ ಅನೇಕ ದೇಶಗಳಿಗೆ ಹಬ್ಬಿತು. ಮುಂದಿನ ದಶಕದಲ್ಲಿ, ಅದೇ ಬಗೆಯ ರಕ್ತದ ಕಲೆಯಿಂದ, ಥೈರಾಯ್ಡ್ ಹಾರ್ಮೋನಿನ ಕೊರತೆಯಿಂದ ಬುದ್ಧಿ ಕುಂಠಿತವಾಗಲಿದ್ದ ಶಿಶುಗಳನ್ನೂ ಗುರುತಿಸಿ ಕಾಪಾಡುವುದು ಸಾಧ್ಯವಾಯಿತು. 1980ರ ದಶಕದಲ್ಲಿ ನಮ್ಮ ಬೆಂಗಳೂರಿನಲ್ಲಿಯೂ ನವಜಾತ ಶಿಶುಗಳ ರಕ್ತದಲ್ಲಿ ಇಂತಹ ದೋಷಗಳನ್ನು ಹುಡುಕುವ ದೊಡ್ಡ ಪ್ರಯತ್ನವೊಂದು ನಡೆಯಿತು.

ಕೀರ್ತಿಯು ಫೋಲಿಂಗರನ್ನು ತಡವಾಗಿ ಅರಸಿಕೊಂಡು ಬಂದಿತು. 1962ರಲ್ಲಿ ಅಮೆರಿಕದ ಕೆನಡಿ ಪ್ರತಿಷ್ಠಾನವು ಅವರಿಗೆ ಅಂತರರಾಷ್ಟ್ರೀಯ ಪ್ರಶಸ್ತಿಯನ್ನಿತ್ತು ಗೌರವಿಸಿತು. ಆಗ ಅವರು 74 ವರ್ಷದ ವೃದ್ಧರು. ತಾವು ಕಂಡ ಹಸಿರು ಬಣ್ಣದಿಂದ ಮಕ್ಕಳು ಉಳಿಯುತ್ತಿರುವುದನ್ನು ಕಣ್ಣಾರೆ ನೋಡಿ, 1973ರಲ್ಲಿ ಅವರು ದಿವಂಗತರಾದರು.

ನಮ್ಮ ಶಾಲೆಯ ಪ್ರಯೋಗಶಾಲೆಯ ಕಪಾಟಿನಲ್ಲಿಯೂ ಫೆರಿಕ್ ಕ್ಲೋರೈಡಿನ ಸೀಸೆಯೊಂದು ಇದೆ. ಅದು ದುಬಾರಿಯ ವಸ್ತುವಲ್ಲ. ಫೋಲಿಂಗರ ಕೈಯಲ್ಲಿದ್ದುದೂ ಅದೇ. ಅವರಿಗೆ ಮೊದಲು ಎಷ್ಟೋ ವೈದ್ಯರ ಬಳಿಯಲ್ಲಿ ಆ ದ್ರಾವಣವಿತ್ತು. ಇಲ್ಲದಿದ್ದುದು ದುಃಖಿಯಾದ ಒಬ್ಬ ತಾಯಿಯ ಮಾತನ್ನು ಪೂರ್ತಿಯಾಗಿ ಕೇಳುವ ಕಿವಿ. ನೀವು ವಾಸಿಸುವ ಓಣಿಯಲ್ಲಿಯೋ ಚಾಳಿನಲ್ಲಿಯೋ ನಿಮ್ಮಂತೆ ಓಡಲಾರದ, ನಿಮ್ಮಂತೆ ಓದಲಾರದ ಮಗುವೊಂದು ಇದ್ದರೆ, ಅದನ್ನು ಕಂಡು ನಗಬೇಡಿರಿ. ಕಾರಣವಿಲ್ಲದೆ ಯಾವುದೂ ಆಗುವುದಿಲ್ಲ. ಆ ಕಾರಣಗಳಲ್ಲಿ ಇನ್ನೂ ಎಷ್ಟೋ ತಿಳಿಯದೆ ಉಳಿದಿವೆ. ಅವುಗಳಲ್ಲಿ ಒಂದನ್ನು ಹುಡುಕುವವರು ನಿಮ್ಮಲ್ಲಿಯೇ ಒಬ್ಬರು ಏಕಾಗಬಾರದು?