ನ್ಯೂಯಾರ್ಕ್ ನಗರದಲ್ಲಿ ವಿದ್ಯಾರ್ಥಿ ಭೀಮರಾವ್ ಅಂಬೇಡ್ಕರ್

ಹೊರದೇಶಗಳಲ್ಲಿ ಉನ್ನತ ವ್ಯಾಸಂಗ ಕೈಗೊಳ್ಳಲು ವಿದ್ಯಾರ್ಥಿವೇತನ ಕೋರಿ ಅರ್ಜಿ ಸಲ್ಲಿಸುವ ವಿದ್ಯಾರ್ಥಿಗಳು ಹಾಗೂ ಅವರ ಪೋಷಕರ ಅವಗಾಹನೆಗಾಗಿ, ಭಾರತ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾಗಿದ್ದ ಡಾ. ಬಿ. ಆರ್. ಅಂಬೇಡ್ಕರ್ ಅವರ ವಿದ್ಯಾರ್ಥಿ ಜೀವನದ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಭೀಮರಾವ್ ಅವರು 1891ರ ಏಪ್ರಿಲ್ 14ರಂದು ಮಹೂ ದಂಡು ಪ್ರದೇಶದಲ್ಲಿ ಜನಿಸಿದರು. ಸಾತಾರಾದ ಶಾಲೆಯಲ್ಲಿ ಇತರ ಮಕ್ಕಳಿಂದ ಪ್ರತ್ಯೇಕವಾಗಿ ಗೋಣಿತಟ್ಟಿನ ಮೇಲೆ ಕುಳಿತು ಕಲಿಯಬೇಕಾಗಿತ್ತು. ನೀರನ್ನು ತಾವೇ ಮುಟ್ಟಿ ಕುಡಿಯುವ ಹಕ್ಕೂ ಇರಲಿಲ್ಲ. ಮುಂದೆ ಮುಂಬಯಿಯ ಪರೇಲ್ ಭಾಗದ ಚಾಳಿನ ಒಂದೇ ಕೋಣೆಯಲ್ಲಿ ಕುಟುಂಬದೊಡನೆ ವಾಸವಿದ್ದು, 1912ರಲ್ಲಿ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಬಿ.ಎ. ಪದವಿ ಪಡೆದರು. 1913ರ ಫೆಬ್ರವರಿಯಲ್ಲಿ ತಂದೆ ರಾಮ್‌ಜಿ ಸಕ್ಪಾಲ್ ಅವರು ನಿಧನರಾದರು. ಅದೇ ವರ್ಷ ಬರೋಡಾ ಸಂಸ್ಥಾನದ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು ಅಮೆರಿಕಾ ವ್ಯಾಸಂಗಕ್ಕಾಗಿ ಮೂರು ವರ್ಷಗಳ ಅವಧಿಗೆ ತಿಂಗಳಿಗೆ 11.50 ಪೌಂಡ್ ವಿದ್ಯಾರ್ಥಿವೇತನ ಮಂಜೂರು ಮಾಡಿದರು. ವ್ಯಾಸಂಗದ ತರುವಾಯ ಹತ್ತು ವರ್ಷ ಸಂಸ್ಥಾನದ ಸೇವೆ ಸಲ್ಲಿಸತಕ್ಕದ್ದೆಂಬ ಕರಾರಿಗೆ ಅವರು ಸಹಿ ಹಾಕಿದ್ದರು.

1913ರ ಜುಲೈ ತಿಂಗಳಿನಲ್ಲಿ ಅವರು ನ್ಯೂಯಾರ್ಕ್ ತಲುಪಿದರು. ಮೊದಲು ತಂಗಿದ್ದು ಕೊಲಂಬಿಯಾ ವಿಶ್ವವಿದ್ಯಾಲಯದ ಹಾರ್ಟ್ಲಿ ಹಾಲ್ ವಸತಿಗೃಹದಲ್ಲಿ. ಅಲ್ಲಿನ ಊಟದಲ್ಲಿ ದನದ ಮಾಂಸವೇ ಹೆಚ್ಚು, ಅದೂ ಸರಿಯಾಗಿ ಬೆಂದಿರುತ್ತಿರಲಿಲ್ಲ. ಊಟ ಒಗ್ಗದೆ ಅವರು ಕೆಲವು ಭಾರತೀಯ ವಿದ್ಯಾರ್ಥಿಗಳು ವಾಸವಾಗಿದ್ದ ಕಾಸ್ಮೋಪಾಲಿಟನ್ ಕ್ಲಬ್‌ಗೆ ತೆರಳಿದರು. ಬಳಿಕ ಲಿವಿಂಗ್‌ಸ್ಟನ್ ಹಾಲ್‌ನಲ್ಲಿ ನವಲ್ ಭತೇನಾ ಎಂಬ ಪಾರ್ಸಿ ವಿದ್ಯಾರ್ಥಿಯೊಡನೆ ಕೋಣೆ ಹಂಚಿಕೊಂಡರು. ಈ ಸ್ನೇಹ ಜೀವನಪರ್ಯಂತ ಉಳಿಯಿತು.

ಊಟದ ತೊಂದರೆ ಸಣ್ಣದು. ದೊಡ್ಡ ಸಂಗತಿಯೆಂದರೆ, ಆ ಮಹಾನಗರದಲ್ಲಿ ಕೋಣೆ ಕೊಡುವಾಗಲಾಗಲಿ, ಊಟದ ಮೇಜಿನಲ್ಲಾಗಲಿ, ಗ್ರಂಥಾಲಯದಲ್ಲಾಗಲಿ ಯಾರೂ ಅವರ ಜಾತಿಯನ್ನು ವಿಚಾರಿಸಲಿಲ್ಲ. ಇಪ್ಪತ್ತೆರಡು ವರ್ಷ ವಯಸ್ಸಿನ ಯುವಕನಿಗೆ ಇದು ಹೊಸ ಅನುಭವವಾಗಿತ್ತು. ಆರಂಭದ ಕೆಲವು ತಿಂಗಳು ಸ್ಕೇಟಿಂಗ್, ಬ್ಯಾಡ್ಮಿಂಟನ್ ಮುಂತಾದ ವಿನೋದಗಳಲ್ಲಿ ಕಳೆದವೆಂದು ಜೀವನಚರಿತ್ರೆಕಾರರು ದಾಖಲಿಸಿದ್ದಾರೆ. ಇದು ಸಹಜವೂ ಹೌದು. ನಂತರ ಅವಧಿಯ ಮಿತಿಯನ್ನು ಮನಗಂಡು ಸಂಪೂರ್ಣವಾಗಿ ಓದಿಗೆ ತೊಡಗಿದರು. ವೇತನದಲ್ಲಿ ಒಂದು ಭಾಗವನ್ನು ಊರಿಗೆ ಕಳುಹಿಸಬೇಕಾಗಿದ್ದುದರಿಂದ ತಮ್ಮ ಊಟದ ಖರ್ಚನ್ನೇ ಕಡಿಮೆ ಮಾಡಿ, ಉಳಿದ ಹಣದಲ್ಲಿ ಹಳೆಯ ಪುಸ್ತಕಗಳ ಅಂಗಡಿಗಳಿಂದ ಸುಮಾರು 2,000 ಗ್ರಂಥಗಳನ್ನು ಸಂಗ್ರಹಿಸಿದರು.

ಅರ್ಥಶಾಸ್ತ್ರದಲ್ಲಿ ಎಡ್ವಿನ್ ಸೆಲಿಗ್ಮನ್, ತತ್ತ್ವಶಾಸ್ತ್ರದಲ್ಲಿ ಜಾನ್ ಡ್ಯೂಯಿ ಅವರ ಗುರುಗಳಾಗಿದ್ದರು. 1915ರಲ್ಲಿ ಎಂ.ಎ. ಪದವಿಗಾಗಿ ಬರೆದ ಪ್ರಬಂಧದ ವಿಷಯ ಪ್ರಾಚೀನ ಭಾರತದ ವಾಣಿಜ್ಯ; ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ವಿಶೇಷವಾಗಿ ಗಮನಿಸಬಹುದು. 1916ರ ಮೇ 9ರಂದು ಭಾರತದ ಜಾತಿ ವ್ಯವಸ್ಥೆಯ ಉಗಮ ಕುರಿತು ವಿಚಾರಗೋಷ್ಠಿಯಲ್ಲಿ ಪ್ರಬಂಧ ಮಂಡಿಸಿದರು. ಜಾತಿಯನ್ನು ಯಾರೂ ಕೇಳದ ಊರಿನಲ್ಲಿ ಕುಳಿತು ಅವರು ಜಾತಿಯನ್ನೇ ಅಧ್ಯಯನದ ವಿಷಯವಾಗಿಸಿಕೊಂಡರು.

1916ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಗ್ರೇಸ್ ಇನ್ ಹಾಗೂ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. ಆದರೆ ವಿದ್ಯಾರ್ಥಿವೇತನದ ಅವಧಿ ಮುಗಿದ ಕಾರಣ 1917ರಲ್ಲಿ ಓದನ್ನು ಅರ್ಧಕ್ಕೆ ನಿಲ್ಲಿಸಿ ಹಿಂದಿರುಗಬೇಕಾಯಿತು. ಬೇರೆ ಹಡಗಿನಲ್ಲಿ ಕಳುಹಿಸಿದ್ದ ಗ್ರಂಥಗಳು ಮಹಾಯುದ್ಧದ ಟಾರ್ಪೆಡೊ ದಾಳಿಗೆ ಸಿಲುಕಿ ಸಮುದ್ರದ ಪಾಲಾದವು. ಕರಾರಿನಂತೆ ಬರೋಡಾದಲ್ಲಿ ಸೇವೆಗೆ ಸೇರಿದಾಗ, ವಿದೇಶದ ಪದವಿ ಪಡೆದ ಆ ಅಧಿಕಾರಿಗೆ ತಂಗಲು ಒಂದು ಕೋಣೆ ದೊರೆಯಲಿಲ್ಲ. ಪಾರ್ಸಿ ತಂಗುದಾಣವೊಂದರಲ್ಲಿ ಪಾರ್ಸಿ ಹೆಸರಿನಿಂದ ಇದ್ದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದು ಬಂದ ಗುಂಪು ಅವರನ್ನು ಹೊರಹಾಕಿತು. ವಿದೇಶದ ವಾಸವು ತಮ್ಮ ಮನಸ್ಸಿನಿಂದ ಅಸ್ಪೃಶ್ಯತೆಯ ನೆನಪನ್ನೇ ಅಳಿಸಿಹಾಕಿತ್ತೆಂದು ಅವರು ಮುಂದೆ ಆತ್ಮಕಥನದ ಬರಹದಲ್ಲಿ ಹೇಳಿಕೊಂಡಿದ್ದಾರೆ. ಬರೋಡಾ ಅದನ್ನು ಮರಳಿ ನೆನಪಿಸಿತು.

ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ 1918ರಿಂದ ಪ್ರಾಧ್ಯಾಪಕರಾಗಿ ದುಡಿದು ಹಣ ಉಳಿಸಿ, ಕೊಲ್ಹಾಪುರದ ಶಾಹು ಮಹಾರಾಜರ ನೆರವು ಹಾಗೂ ಅದೇ ನವಲ್ ಭತೇನಾ ಅವರಿಂದ ಪಡೆದ ಸಾಲದೊಡನೆ 1920ರಲ್ಲಿ ಮತ್ತೆ ಲಂಡನ್ನಿಗೆ ತೆರಳಿದರು. ಅರೆಹೊಟ್ಟೆಯಲ್ಲಿಯೇ ಬ್ರಿಟಿಷ್ ಮ್ಯೂಸಿಯಂ ವಾಚನಾಲಯದಲ್ಲಿ ದಿನವಿಡೀ ಓದಿ, 1923ರಲ್ಲಿ ರೂಪಾಯಿಯ ಸಮಸ್ಯೆ ಕುರಿತ ಮಹಾಪ್ರಬಂಧಕ್ಕೆ ಡಿ.ಎಸ್‌ಸಿ. ಪದವಿ ಪಡೆದರು.

1952ರ ಜೂನ್ 5ರಂದು ಕೊಲಂಬಿಯಾ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಅದನ್ನು ಸ್ವೀಕರಿಸಲು ಅವರು ಸ್ವತಃ ನ್ಯೂಯಾರ್ಕ್‌ಗೆ ತೆರಳಿದ್ದರು.