ಹಿಡಿ ಅಕ್ಕಿಯಿಂದ ಶಾಲೆ ನಡೆಸಿದ ಸಂತ ಚಾವರ

ಜೂನ್ ತಿಂಗಳು ಬಂತೆಂದರೆ ನಮ್ಮ ಮನೆಗಳಲ್ಲಿ ಒಂದೇ ಗಡಿಬಿಡಿ. ಸಮವಸ್ತ್ರ, ಪುಸ್ತಕ, ಚೀಲ, ಫೀಸು. ಇದೆಲ್ಲ ಮುಗಿದು ಮಗು ಶಾಲೆಯ ಗೇಟು ದಾಟಿತೆಂದರೆ ನಮಗೆ ನಿರಾಳ. ಇನ್ನು ಸಿಸ್ಟರು, ಟೀಚರು ನೋಡಿಕೊಳ್ಳಲಿ ಎಂದುಕೊಳ್ಳುತ್ತೇವೆ. ಪಾಲಕರ ಸಭೆಗೆ ಬರಬೇಕೆಂಬ ಚೀಟಿ ಬಂದರೆ ತಂದೆಗೆ ಬಿಡುವಿಲ್ಲ, ತಾಯಿಗೆ ಸಂಕೋಚ. ಮಗು ಮೂರನೆಯ ತರಗತಿಯಲ್ಲಿದೆಯೋ ನಾಲ್ಕನೆಯದರಲ್ಲೋ ಎಂದು ಕೇಳಿದರೆ ಒಂದು ಕ್ಷಣ ಯೋಚಿಸುವ ತಂದೆಯರೂ ಉಂಟು. ಹೀಗಿರುವಾಗ, ಶಾಲೆಯೆಂಬುದು ಅಡಿಗೆಮನೆಯಲ್ಲಿ ಆರಂಭವಾಗುತ್ತದೆ ಎಂದು ನಂಬಿ, ನಂಬಿದಂತೆಯೇ ಮಾಡಿ ತೋರಿಸಿದ ಒಬ್ಬ ಗುರುವಿನ ಜೀವನವನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ. ಅವರೇ ಕೇರಳದ ಸಂತ ಕುರಿಯಾಕೋಸ್ ಏಲಿಯಾಸ್ ಚಾವರ.

ಆಲಪ್ಪುಳದ ಬಳಿಯ ಕುಟ್ಟನಾಡನ್ನು ನೀವು ನೋಡಿದ್ದರೆ ಅಲ್ಲಿನ ಬದುಕು ಹೇಗೆಂದು ಊಹಿಸಬಲ್ಲಿರಿ. ಎತ್ತ ನೋಡಿದರೂ ನೀರು, ನೀರಿನ ನಡುವೆ ಭತ್ತದ ಗದ್ದೆ, ಗದ್ದೆಯ ಬದುವಿನ ಮೇಲೆ ತೆಂಗು. ನೆರೆಮನೆಗೆ ಹೋಗಬೇಕಾದರೂ ದೋಣಿಯೇ ಗತಿ. ಅಂಥ ಕೈನಕರಿ ಎಂಬ ಊರಿನಲ್ಲಿ 1805ರ ಫೆಬ್ರವರಿ 10ರಂದು ಕುರಿಯಾಕೋಸ್ ಹುಟ್ಟಿದರು. ತಾಯಿಯ ಹೆಸರು ಮರಿಯಂ. ಹುಟ್ಟಿದ ಎಂಟನೆಯ ದಿನ ಚೇನ್ನಂಕರಿಯ ದೇವಾಲಯದಲ್ಲಿ ಮಗುವಿಗೆ ಜ್ಞಾನಸ್ನಾನವಾಯಿತು.

ಅವರ ಮೊದಲ ಶಾಲೆ ತಾಯಿಯ ಮಡಿಲು. ಈ ಮಾತನ್ನು ನಾವು ಎಲ್ಲರ ಬಗೆಗೂ ಹೇಳುತ್ತೇವೆ, ಆದರೆ ಇಲ್ಲಿ ಅದಕ್ಕೆ ಸಾಕ್ಷಿಯಿದೆ. ಮುಪ್ಪಿನಲ್ಲಿ ಚಾವರರು ತಮ್ಮ ಪಾಪಗಳನ್ನು ನೆನೆದು ಒಂದು ದೀರ್ಘ ಕಾವ್ಯ ಬರೆದರು. ಅದರಲ್ಲಿ ತಾಯಿ ನಡುರಾತ್ರಿ ಎದ್ದು ಮೊಣಕಾಲೂರಿ ಪ್ರಾರ್ಥಿಸುತ್ತಿದ್ದುದನ್ನೂ, ಪುಟ್ಟ ಹುಡುಗನಾದ ತಾನು ಪಕ್ಕದಲ್ಲಿ ಕುಳಿತು ಅದನ್ನು ಕೇಳಿ ಕಲಿತುದನ್ನೂ ಸ್ಮರಿಸಿದ್ದಾರೆ. ಅರುವತ್ತು ದಾಟಿದ ಮೇಲೂ ಆ ರಾತ್ರಿಗಳು ಅವರಿಗೆ ಮರೆತಿರಲಿಲ್ಲ. ನಮ್ಮ ಮಕ್ಕಳು ನಮ್ಮ ಯಾವ ರಾತ್ರಿಗಳನ್ನು ನೆನಪಿಟ್ಟುಕೊಳ್ಳುವರೋ!

ಐದನೆಯ ವಯಸ್ಸಿನಲ್ಲಿ ಹುಡುಗ ಊರಿನ ಕಳರಿಗೆ ಹೋದ. ನಮ್ಮ ಕಡೆಯ ಹಿರಿಯರು ಐಗಳ ಮಠ, ಕೂಲಿ ಮಠ ಎನ್ನುತ್ತಿದ್ದರಲ್ಲವೇ, ಹೆಚ್ಚುಕಡಿಮೆ ಅಂಥದೇ ಶಾಲೆ. ಆಶಾನ್ ಎಂದು ಕರೆಯುವ ಒಬ್ಬ ಹಿಂದೂ ಗುರು, ಮರಳಿನಲ್ಲಿ ಬೆರಳಿನಿಂದ ಅಕ್ಷರ ತೀಡುವ ಮಕ್ಕಳು. ಅಲ್ಲಿ ಐದು ವರ್ಷ ಕಲಿತರು. ಆದರೆ ಆ ಮರಳಿನ ಮುಂದೆ ಕುಳಿತುಕೊಳ್ಳುವ ಭಾಗ್ಯ ಎಲ್ಲ ಮಕ್ಕಳಿಗೂ ಇರಲಿಲ್ಲ. ಚಾವರರ ಮನೆಯವರು ಉಣ್ಣುತ್ತಿದ್ದ ಅಕ್ಕಿಯನ್ನು ಸೊಂಟದವರೆಗಿನ ನೀರಿನಲ್ಲಿ ನಿಂತು ಬೆಳೆಯುತ್ತಿದ್ದ ಪುಲಯ ಜನರ ಮಕ್ಕಳು ಶಾಲೆಯ ಹತ್ತಿರವೂ ಸುಳಿಯುವಂತಿರಲಿಲ್ಲ. ತಿರುವಾಂಕೂರಿನಲ್ಲಿ ಆಗಿನ್ನೂ ಜೀತ ಕಾನೂನಿಗೆ ಒಪ್ಪಿತವಾಗಿತ್ತು. ಅದು ರದ್ದಾದದ್ದು 1855ರಲ್ಲಿ.

1818ರಲ್ಲಿ ಪಳ್ಳಿಪುರದ ಗುರುಮಠಕ್ಕೆ ಸೇರಿದರು. ಪಾಲಕ್ಕಲ್ ತೋಮಾ ಮಲ್ಪಾನ್ ಅಲ್ಲಿ ಗುರುಗಳು. ಅಲ್ಲಿರುವಾಗ ಮನೆಯಿಂದ ಬಂದದ್ದು ಸಿಡಿಲಿನಂಥ ಸುದ್ದಿ. ಊರಿಗೆ ಬಂದ ಸಾಂಕ್ರಾಮಿಕ ರೋಗದಲ್ಲಿ ತಂದೆ, ತಾಯಿ, ಇದ್ದೊಬ್ಬ ಅಣ್ಣ ಮೂವರೂ ತೀರಿಹೋಗಿದ್ದರು. ಮನೆಯಲ್ಲಿ ದೀಪ ಹಚ್ಚುವವರಿಲ್ಲ. ಚಿಕ್ಕಪ್ಪ ಬಂದು, ಓದು ಸಾಕು, ಮನೆಗೆ ನಡೆ, ವಂಶ ನಿಲ್ಲಬೇಕು ಎಂದು ಒತ್ತಾಯಿಸಿದರು. ಲೋಕದ ಕಣ್ಣಿಗೆ ಅದರಲ್ಲಿ ತಪ್ಪೇನೂ ಇಲ್ಲ. ಒಬ್ಬನೇ ಮಗ ಉಳಿದ ಮನೆಯಲ್ಲಿ ನಾವಾದರೂ ಹಾಗೆಯೇ ಹೇಳುತ್ತಿದ್ದೆವು. ಆಗ ಅವರ ಅಕ್ಕ, ಭಾವ ಮುಂದೆ ಬಂದು ಆ ಮನೆಯ ಹೊಣೆಯನ್ನು ತಾವು ಹೊತ್ತರು, ತಮ್ಮನನ್ನು ದೇವರಿಗೆ ಬಿಟ್ಟುಕೊಟ್ಟರು. ಸಂತರ ಚರಿತ್ರೆಗಳಲ್ಲಿ ಇಂಥ ಅಕ್ಕ ಭಾವಂದಿರಿಗೆ ಒಂದು ಸಾಲಿಗಿಂತ ಹೆಚ್ಚು ಜಾಗ ಸಿಗುವುದಿಲ್ಲ. ಅವರು ಇಲ್ಲದಿದ್ದರೆ ಮುಂದಿನ ಕತೆಯೇ ಇರುತ್ತಿರಲಿಲ್ಲ. 1829ರ ನವೆಂಬರ್ 29ರಂದು ಅರ್ತುಂಕಲ್‌ನಲ್ಲಿ ಅವರಿಗೆ ಗುರುದೀಕ್ಷೆಯಾಯಿತು.

1831ರ ಮೇ 11ರಂದು ಕೋಟ್ಟಯಂ ಸಮೀಪದ ಮಾನ್ನಾನಂ ಗುಡ್ಡದ ಮೇಲೆ ಒಂದು ಧಾರ್ಮಿಕ ಮಠಕ್ಕೆ ಅಡಿಗಲ್ಲು ಹಾಕಲಾಯಿತು. ಪಾಲಕ್ಕಲ್ ಮತ್ತು ಪೋರುಕರ ಮಲ್ಪಾನರ ಜೊತೆ ಕಿರಿಯರಾದ ಚಾವರರೂ ಇದ್ದರು. ಪಾಲಕ್ಕಲರು 1841ರಲ್ಲಿ, ಪೋರುಕರರು 1846ರಲ್ಲಿ ಕಣ್ಮುಚ್ಚಿದ ಮೇಲೆ ಇಡೀ ಭಾರ ಇವರ ಹೆಗಲಿಗೆ ಬಿತ್ತು. ಅದೇ 1846ರಲ್ಲಿ ಮಾನ್ನಾನಂನಲ್ಲಿ ಸಂಸ್ಕೃತ ಶಾಲೆ ತೆರೆದರು. ಕಲಿಸಲು ತ್ರಿಶ್ಶೂರಿನ ಕಡೆಯಿಂದ ವಾರಿಯರ್ ಒಬ್ಬರನ್ನು ಕರೆಸಿದರು. ಸಂಸ್ಕೃತ ಕೆಲವರ ಸೊತ್ತೆಂದು ತಿಳಿದಿದ್ದ ಕಾಲದಲ್ಲಿ ಕ್ರೈಸ್ತ ಮಠದ ಅಂಗಳದಲ್ಲಿ ಬೇರೆ ಬೇರೆ ಜಾತಿಯ ಹುಡುಗರು ಅದನ್ನು ಕಲಿತರು. ಗುರುಗಳಾದ ಚಾವರರೂ ಅವರೊಡನೆ ಕುಳಿತು ಪಾಠ ಹೇಳಿಸಿಕೊಂಡರು.

ಅದೇ ವರ್ಷ ಮುದ್ರಣಾಲಯವೂ ಬಂತು. ಅಚ್ಚಿನ ಯಂತ್ರ ಕೊಳ್ಳಲು ಹಣವಿರಲಿಲ್ಲ. ಬಾಳೆಯ ದಿಂಡನ್ನು ಕೊರೆದು ತಾವೇ ಮಾದರಿ ಮಾಡಿ, ಅದನ್ನು ನೋಡಿ ಬಡಗಿಯಿಂದ ಮರದ ಯಂತ್ರ ಮಾಡಿಸಿದರು. ಮೊದಲು ಅಚ್ಚಾದದ್ದು ಪ್ರಾರ್ಥನೆಯ ಪುಸ್ತಕ. ಓದಲು ಕಲಿತ ಮಗು ಮನೆಗೆ ಹೋದಾಗ ಅಲ್ಲಿ ಓದಲು ಒಂದು ಪುಸ್ತಕವಿರಬೇಡವೇ? ಒಳ್ಳೆಯ ಪುಸ್ತಕಗಳನ್ನು ಪ್ರತಿ ಮನೆಯೂ ಆಸ್ತಿಯಂತೆ ಕೂಡಿಡಬೇಕೆಂಬುದು ಅವರ ಆಸೆಯಾಗಿತ್ತು.

1855ರ ಡಿಸೆಂಬರ್ 8ರಂದು ಇತರ ಹತ್ತು ಗುರುಗಳೊಡನೆ ಅವರು ವ್ರತಗಳನ್ನು ಸ್ವೀಕರಿಸಿದರು. ಇಂದು ಸಿ.ಎಂ.ಐ. ಎಂದು ನಾವು ಕರೆಯುವ ಸಭೆ ಹೀಗೆ ರೂಪುಗೊಂಡಿತು. ಬೆಂಗಳೂರಿನ ಧರ್ಮಾರಾಮ ಗುರುಮಠ, 1969ರಲ್ಲಿ ಆರಂಭವಾದ ಕ್ರೈಸ್ಟ್ ಕಾಲೇಜು ಇದೇ ಸಭೆಯವು. ಹಾಗಾಗಿ ಈ ಸಂತರು ನಮಗೆ ಹೊರಗಿನವರೇನಲ್ಲ.

1861ರಲ್ಲಿ ಮಾರ್ ರೋಕೋಸ್ ಎಂಬ ಧರ್ಮಾಧ್ಯಕ್ಷರು ಜಗದ್ಗುರುಗಳ ಅನುಮತಿಯಿಲ್ಲದೆ ಕೇರಳಕ್ಕೆ ಬಂದಾಗ ಸಿರಿಯನ್ ಕಥೋಲಿಕರಲ್ಲಿ ದೊಡ್ಡ ಗೊಂದಲವೆದ್ದಿತು. ಅದನ್ನು ಶಮನಗೊಳಿಸಲು ಚಾವರರನ್ನು ಶ್ರೇಷ್ಠಗುರುವಾಗಿ ನೇಮಿಸಲಾಯಿತು. ಆ ಕಲಹದ ಕತೆ ಇಲ್ಲಿ ಬೇಡ. ನಮಗೆ ಮುಖ್ಯವಾದದ್ದು ಆ ಅಧಿಕಾರವನ್ನು ಅವರು ಮತ್ತಾವುದಕ್ಕೆ ಬಳಸಿದರು ಎಂಬುದು. 1864ರಲ್ಲಿ ಧರ್ಮಕೇಂದ್ರಗಳಿಗೆ ಆಜ್ಞೆ ಹೋಯಿತು: ಪ್ರತಿ ದೇವಾಲಯದ ಜೊತೆಗೊಂದು ಶಾಲೆ ಇರಲೇಬೇಕು, ಶಾಲೆ ಕಟ್ಟದಿದ್ದರೆ ದೇವಾಲಯವನ್ನೇ ಮುಚ್ಚಬೇಕಾದೀತು.

ಸ್ವಲ್ಪ ನಿಂತು ಯೋಚಿಸಿ. ಬಲಿಪೂಜೆ, ಜಪಸರ, ಹಬ್ಬ, ಮೆರವಣಿಗೆ ಎಲ್ಲವೂ ಸಾಂಗವಾಗಿ ನಡೆಯುತ್ತಿರುವ ಧರ್ಮಕೇಂದ್ರಕ್ಕೆ, ಶಾಲೆಯಿಲ್ಲವೆಂಬ ಒಂದೇ ಕಾರಣಕ್ಕೆ ಬೀಗ ಬೀಳಬಹುದು! ಪ್ರಾರ್ಥನೆಗೆ ಇಷ್ಟು ಒತ್ತು ಕೊಟ್ಟ ಮನುಷ್ಯ ಹೀಗೆ ಹೇಳಬೇಕಾದರೆ ಮಕ್ಕಳ ಅಜ್ಞಾನ ಅವರಿಗೆ ಎಷ್ಟು ನೋವು ಕೊಟ್ಟಿರಬೇಕು. ಮಲಯಾಳದಲ್ಲಿ ಶಾಲೆಗೆ ಪಳ್ಳಿಕ್ಕೂಡಂ ಎನ್ನುತ್ತಾರೆ. ಪಳ್ಳಿಯೆಂದರೆ ದೇವಾಲಯವಾದ್ದರಿಂದ ಈ ಪದ ಚಾವರರಿಂದಲೇ ಬಂತೆಂದು ಕೆಲವರು ಅಭಿಮಾನದಿಂದ ಹೇಳುವುದುಂಟು. ಪದ ಅವರಿಗಿಂತ ಹಳೆಯದು, ತಮಿಳಿನಲ್ಲೂ ಇದೆ. ಆದರೆ ಆ ಪದಕ್ಕೆ ಊರೂರಿನಲ್ಲಿ ಗೋಡೆ, ಮಾಡು ಕಟ್ಟಿಸಿದವರು ಚಾವರರು ಎಂದರೆ ತಪ್ಪಾಗದು.

ಮಾಡು ಹಾಕಿದ ಮಾತ್ರಕ್ಕೆ ಮಕ್ಕಳು ಬರುತ್ತಾರೆಯೇ? ಬಡವರ ಮಗು ಬೆಳಿಗ್ಗೆ ಶಾಲೆಗೆ ಬಂದರೆ ಮಧ್ಯಾಹ್ನ ಉಣ್ಣುವುದೇನು? ಗದ್ದೆಗೆ ಹೋದರೆ ಒಂದು ಹೊತ್ತಿನ ಗಂಜಿಯಾದರೂ ಸಿಗುತ್ತಿತ್ತು, ಶಾಲೆಗೆ ಬಂದರೆ ಅದೂ ಇಲ್ಲ. ಹಸಿದ ಹೊಟ್ಟೆಯ ತಂದೆತಾಯಿಗೆ ವಿದ್ಯೆಯ ಮಹಿಮೆ ಬೋಧಿಸಿ ಪ್ರಯೋಜನವಿಲ್ಲವೆಂದು ಚಾವರರು ಅರಿತಿದ್ದರು. ಮಾನ್ನಾನಂನಲ್ಲಿ, ಪಕ್ಕದ ಆರ್ಪೂಕರದಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದಾಗ ಮಧ್ಯಾಹ್ನದ ಊಟ, ಉಡಲು ಬಟ್ಟೆ, ಓದಲು ಪುಸ್ತಕ ಮೂರನ್ನೂ ಕೊಡುವ ಏರ್ಪಾಡು ಮಾಡಿದರು. ನಮ್ಮ ರಾಜ್ಯದ ಶಾಲೆಗಳಲ್ಲಿ ಅಕ್ಷರ ದಾಸೋಹ ಆರಂಭವಾದದ್ದು 2002ರಲ್ಲಿ. ಚಾವರರ ಬಿಸಿಯೂಟ ಅದಕ್ಕಿಂತ ಸುಮಾರು 140 ವರ್ಷ ಹಿಂದಿನದು.

ಅಕ್ಕಿ ಎಲ್ಲಿಂದ ಬಂತು? ಇದೇ ನಾನು ನಿಮಗೆ ಹೇಳಬೇಕೆಂದಿದ್ದ ವಿಷಯ. ಸರ್ಕಾರವೂ ಕೊಡಲಿಲ್ಲ, ಯಾವ ಸಾಹುಕಾರನೂ ಕೊಡಲಿಲ್ಲ. ಅವರು ಮನೆಮನೆಯ ತಾಯಂದಿರನ್ನು ಕೇಳಿದರು. ದಿನವೂ ಅನ್ನಕ್ಕೆ ಅಕ್ಕಿ ಅಳೆದ ಮೇಲೆ, ತೊಳೆಯುವ ಮೊದಲು ಒಂದು ಹಿಡಿ ತೆಗೆದು ಬೇರೆ ಮಡಕೆಯಲ್ಲಿ ಹಾಕಿಡಿ ಎಂದರು. ಮಲಯಾಳದಲ್ಲಿ ಇದಕ್ಕೆ ಪಿಡಿಯರಿ ಎಂದು ಹೆಸರು, ನಮ್ಮ ಮಾತಿನಲ್ಲಿ ಹಿಡಿ ಅಕ್ಕಿ. ಹೀಗೆ ಕೂಡಿದ ಅಕ್ಕಿ ದೇವಾಲಯಕ್ಕೆ ಬಂದು, ಅಲ್ಲಿಂದ ಶಾಲೆಯ ಮಕ್ಕಳ ಎಲೆಗೆ ಹೋಗುತ್ತಿತ್ತು.

ಒಂದು ಹಿಡಿ ಅಕ್ಕಿ ತೆಗೆದರೆ ಯಾವ ಮನೆಯಲ್ಲೂ ಯಾರೂ ಉಪವಾಸ ಬೀಳುವುದಿಲ್ಲ. ಬಡವಳೂ ಕೊಡಬಹುದು. ಸಿರಿವಂತೆಗೂ ಅದೇ ಒಂದು ಹಿಡಿ. ಅದನ್ನು ತೆಗೆಯುವಾಗ ತಾಯಿಯ ಮನಸ್ಸಿನಲ್ಲಿ ದಿನಕ್ಕೊಮ್ಮೆಯಾದರೂ ಆ ಶಾಲೆ ಸುಳಿದುಹೋಗುತ್ತದೆ. ಬೇರೆ ಜಾತಿಯ, ಬೇರೆ ಕೇರಿಯ ಮಗುವೊಂದು ಅವಳ ಮಡಕೆಯ ಅಕ್ಕಿಯನ್ನು ಉಣ್ಣುತ್ತಿದೆ. ಆ ಮಗುವನ್ನು ಮುಟ್ಟಬಾರದೆಂದು ಲೋಕ ಹೇಳುತ್ತಿದ್ದ ದಿನಗಳಲ್ಲಿ ಇದು ನಡೆಯಿತು ಎಂಬುದನ್ನು ಮರೆಯಬೇಡಿ. ಈ ಉಪಾಯ ಹಣದ ಕೊರತೆಯಿಂದ ಮಾತ್ರ ಹುಟ್ಟಿದ್ದೆಂದು ನನಗೆ ಅನ್ನಿಸುವುದಿಲ್ಲ. ಒಬ್ಬ ಧನಿಕನಿಂದ ನೂರು ಮೂಟೆ ಪಡೆದಿದ್ದರೆ ಶಾಲೆ ಧನಿಕನದಾಗುತ್ತಿತ್ತು. ಹಿಡಿ ಅಕ್ಕಿಯಿಂದ ಅದು ಊರಿನದಾಯಿತು.

ಹೆಣ್ಣುಮಕ್ಕಳನ್ನೂ ಅವರು ಮರೆಯಲಿಲ್ಲ. 1866ರ ಫೆಬ್ರವರಿ 13ರಂದು ಕೂನಮ್ಮಾವಿನಲ್ಲಿ, ಇಟಲಿಯ ಕಾರ್ಮೆಲ್ ಗುರು ಲಿಯೋಪೋಲ್ಡ್ ಬೆಕ್ಕಾರೊ ಅವರೊಡನೆ ಮುಂದೆ ನಿಂತು ಧರ್ಮಭಗಿನಿಯರ ಮಠವನ್ನು ಆರಂಭಿಸಿದರು. ಬಿದಿರಿನ ಚಾಪೆಯ ಗೋಡೆಗಳ ಮನೆ ಅದು. ಮೊದಲು ಸೇರಿದ ನಾಲ್ವರಲ್ಲಿ ಏಲೀಶ್ವಾ ಎಂಬ ವಿಧವೆ, ಆಕೆಯ ಮಗಳು, ಆಕೆಯ ತಂಗಿ ಇದ್ದರು. ಒಂದು ಕುಟುಂಬವೇ ಮಠವಾಯಿತು ಎನ್ನಿ. 1868ರಲ್ಲಿ ಅಲ್ಲಿ ಹುಡುಗಿಯರಿಗೆ ವಸತಿ ಶಾಲೆ ತೆರೆಯಿತು. ಓದು ಬರಹದ ಜೊತೆಗೆ ಕೈಕೆಲಸವನ್ನೂ ಕಲಿಸಿದರು.

ಅದೇ 1868ರಲ್ಲಿ ಅವರು ಹುಟ್ಟೂರು ಕೈನಕರಿಯ ಜನರಿಗೊಂದು ದೀರ್ಘ ಪತ್ರ ಬರೆದರು. ಒಬ್ಬ ಒಳ್ಳೆಯ ತಂದೆಯ ಮರಣಶಾಸನ ಎಂಬ ಅರ್ಥದ ಹೆಸರು ಅದಕ್ಕಿದೆ, ಚಾವರುಳ್ ಎಂದು ಕರೆಯುತ್ತಾರೆ. ಆಸ್ತಿಯಿಲ್ಲದ ಸನ್ಯಾಸಿಯ ಮರಣಶಾಸನದಲ್ಲಿ ಹಂಚಲು ಏನಿರುತ್ತದೆ? ಕುಟುಂಬ ನಡೆಸುವ ಬಗೆಗೆ 24 ಬುದ್ಧಿಮಾತುಗಳು, ಮಕ್ಕಳನ್ನು ಬೆಳೆಸುವ ಬಗೆಗೆ 16. ಸಾಲ ಮಾಡಬೇಡಿ, ವ್ಯಾಜ್ಯಕ್ಕೆ ಹೋಗಬೇಡಿ ಎಂಬಂಥ ನೇರ ಮಾತುಗಳೇ ಹೆಚ್ಚು.

ಮಕ್ಕಳ ಭಾಗವನ್ನು ಓದಿದರೆ ಈ ಸನ್ಯಾಸಿ ಎಷ್ಟು ಮನೆಗಳ ಒಳಗನ್ನು ಕಂಡಿದ್ದರು ಎಂದು ಆಶ್ಚರ್ಯವಾಗುತ್ತದೆ. ಮಕ್ಕಳು ದೇವರು ತಂದೆತಾಯಿಯರ ಕೈಯಲ್ಲಿಟ್ಟ ನಿಕ್ಷೇಪ, ಒಂದು ದಿನ ಲೆಕ್ಕ ಒಪ್ಪಿಸಬೇಕು ಎಂದು ಆರಂಭಿಸುತ್ತಾರೆ. ಮಗು ತೊದಲಲು ಕಲಿತೊಡನೆ ಯೇಸು, ಮರಿಯ, ಜೋಸೆಫ್ ಎಂಬ ಹೆಸರುಗಳನ್ನು ಕಲಿಸಬೇಕು. ಬುದ್ಧಿ ಬಂದ ಕೂಡಲೇ ಶಾಲೆಗೆ ಕಳಿಸಬೇಕು. ಕಳಿಸಿ ಸುಮ್ಮನಿರಬಾರದು, ಏನು ಕಲಿಯುತ್ತಾರೆ, ಯಾರೊಡನೆ ಓಡಾಡುತ್ತಾರೆ ಎಂದು ವಿಚಾರಿಸುತ್ತಿರಬೇಕು. ಭಾನುವಾರಗಳಲ್ಲಿ ಮಗುವನ್ನು ಹತ್ತಿರ ಕೂರಿಸಿಕೊಂಡು ಆ ವಾರ ಕಲಿತದ್ದನ್ನು ಕೇಳಬೇಕು. ಪಾಲಕರ ಸಭೆಯೆಂಬ ಹೆಸರೇ ಇಲ್ಲದ ಕಾಲದಲ್ಲಿ ಅವರು ಪ್ರತಿ ಮನೆಯಲ್ಲೂ ವಾರಕ್ಕೊಂದು ಸಭೆ ಇಟ್ಟರು, ನೋಡಿ. ಅದಕ್ಕೆ ತಂದೆಗೆ ಅಕ್ಷರ ಬರಬೇಕೆಂದೇನೂ ಇಲ್ಲ. ಕೇಳುವ ಕಿವಿ ಇದ್ದರೆ ಸಾಕು.

ಶಿಕ್ಷೆಯ ವಿಷಯದಲ್ಲಿ ಅವರು ಎರಡು ಕಡೆಯವರನ್ನೂ ಬಿಡುವುದಿಲ್ಲ. ಅತಿಯಾದ ಮುದ್ದು ಮಗುವನ್ನು ಗರ್ವಕ್ಕೆ ತಳ್ಳುತ್ತದೆ, ಅತಿಯಾದ ಕೋಪ, ಹೊಡೆತಗಳು ಮಗುವಿನ ನಂಬಿಕೆಯನ್ನು ಕೊಲ್ಲುತ್ತವೆ ಎಂಬುದು ಅವರ ಅನುಭವ. ಬೆತ್ತವೇ ಗುರುವೆಂದು ತಿಳಿದಿದ್ದ ಕಾಲದಲ್ಲಿ ಹೀಗೆ ಬರೆಯಲು ಧೈರ್ಯ ಬೇಕು. ಬೆಳೆದ ಮಕ್ಕಳು ತಮ್ಮ ಜೀವನದ ಕರೆಯನ್ನು ತಾವೇ ಆರಿಸಿಕೊಳ್ಳಲಿ ಎಂದೂ ಬರೆದರು. ಚಿಕ್ಕಪ್ಪನ ಆ ಒತ್ತಾಯ ಅವರಿಗೆ ಆಗ ನೆನಪಾಗಿರಲಾರದೇ?

1869ರಲ್ಲಿ ಕೈನಕರಿಯಲ್ಲಿ ದಿಕ್ಕಿಲ್ಲದ ಮುದುಕರಿಗೂ ಸಾಯುವವರಿಗೂ ಒಂದು ಆಶ್ರಮ ತೆರೆಯಿಸಿದರು. ಆ ವೇಳೆಗೆ ಅವರ ದೇಹ ಬಳಲಿತ್ತು. 1871ರ ಜನವರಿ 3ರಂದು ಕೂನಮ್ಮಾವಿನಲ್ಲಿ ಪ್ರಾಣ ಬಿಟ್ಟರು. 1889ರಲ್ಲಿ ಅವರ ಅವಶೇಷಗಳನ್ನು ಮಾನ್ನಾನಂಗೆ ತಂದರು. ಜಗದ್ಗುರು ಎರಡನೆಯ ಜಾನ್ ಪೌಲರು 1986ರ ಫೆಬ್ರವರಿ 8ರಂದು ಕೋಟ್ಟಯಂನಲ್ಲಿ, ಸಿಸ್ಟರ್ ಅಲ್ಫೋನ್ಸಾ ಅವರೊಡನೆ ಇವರನ್ನೂ ಧನ್ಯರೆಂದು ಸಾರಿದರು. 2014ರ ನವೆಂಬರ್ 23ರಂದು ಜಗದ್ಗುರು ಫ್ರಾನ್ಸಿಸರು ಸಂತ ಪದವಿಗೇರಿಸಿದರು.

ತಮ್ಮ ಮರಣಶಾಸನದ ಬಗೆಗೆ ಅವರು ಊರಿನವರಲ್ಲಿ ಒಂದು ಬೇಡಿಕೆ ಇಟ್ಟಿದ್ದರು. ತಾನು ಸತ್ತರೂ ಈ ಕಾಗದ ಸಾಯುವುದಿಲ್ಲ, ಇದನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟು, ತಿಂಗಳ ಮೊದಲ ಶನಿವಾರ ಮನೆಯವರೆಲ್ಲ ಕೂಡಿ ಹೊರತೆಗೆದು ಓದಬೇಕು ಎಂದು.