ಗುಬ್ಬಿ ಕುಪ್ಪಳಿಸುತ್ತೆ, ಗೊರವಂಕ ನಡೆಯುತ್ತೆ



ಈ ಸಲ ರಜೆಗೆ ಊರಿಗೆ ಹೋದಾಗ ಅಂಗಳದಲ್ಲಿ ಹತ್ತು ನಿಮಿಷ ಸುಮ್ಮನೆ ಕೂತುಕೊಳ್ಳಿ. ಬೈನಾಕ್ಯುಲರ್ ಬೇಡ. ಹಕ್ಕಿಯ ಬಣ್ಣ ಆಮೇಲೆ ನೋಡೋಣ, ಮೊದಲು ಅದರ ಕಾಲು ನೋಡಿ.

ನಮ್ಮೂರು ಲಕ್ಕೂರು, ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕು. ನಮ್ಮಜ್ಜಿ ಮೊರ ಹಿಡಿದು ರಾಗಿ ಕೇರಲು ಕೂತರೆ ಸಾಕು, ಗುಬ್ಬಚ್ಚಿಗಳು ಹಾಜರ್. ಎರಡೂ ಕಾಲು ಜೋಡಿಸಿ ಕುಪ್ಪಳಿಸುತ್ತಾ ಬರುತ್ತಿದ್ದವು. ಹಿಂದೆಯೇ ಗೊರವಂಕ. ಅದು ಒಂದೊಂದೇ ಹೆಜ್ಜೆ ಇಟ್ಟು, ತಲೆ ಆಡಿಸುತ್ತಾ, ಜಮೀನು ಅಳೆಯಲು ಬಂದ ಶಾನುಭೋಗರ ಗತ್ತಿನಲ್ಲಿ ನಡೆಯುತ್ತೆ. ಕಂದು ಮೈ, ಕಪ್ಪು ತಲೆ. ಕೊಕ್ಕು, ಕಾಲು, ಕಣ್ಣಿನ ಸುತ್ತ ಎಲ್ಲ ಅರಿಸಿನ. ಹಾರಿದಾಗ ಮಾತ್ರ ರೆಕ್ಕೆಯ ಬಿಳಿ ಮಚ್ಚೆ ಪಳಕ್ಕನೆ ಕಾಣುತ್ತೆ. ನಮ್ಮ ಕಡೆ ತೆಲುಗಿನ ಮನೆಗಳಲ್ಲೂ ಇದು ಗೋರುವಂಕವೇ.

ಹೊಲ ಉಳುವಾಗ ಟ್ರ್ಯಾಕ್ಟರ್ ಹಿಂದೆ ಬೆಳ್ಳಕ್ಕಿಗಳ ಸಾಲು. ಮಣ್ಣು ಮಗುಚಿದಾಗ ಮೇಲೇಳುವ ಹುಳ ಅವಕ್ಕೆ ಊಟ. ಕೆರೆಯಂಗಳದಲ್ಲಿ ಟಿಟ್ಟಿಭ ನಾಲ್ಕು ಹೆಜ್ಜೆ ಓಡುತ್ತೆ, ಗಕ್ಕನೆ ನಿಲ್ಲುತ್ತೆ, ಬಾಗಿ ಹುಳ ಹೆಕ್ಕುತ್ತೆ. ಅದು ಮೊಟ್ಟೆ ಇಡುವುದು ಬರಿ ನೆಲದ ಮೇಲೆ, ಬೆಣಚುಕಲ್ಲಿನ ನಡುವೆ. ಮೊಟ್ಟೆಯೂ ಕಲ್ಲಿನ ಹಾಗೇ ಕಾಣುತ್ತೆ. ಹತ್ತಿರ ಹೋದಿರೋ, ಕಿರುಚುತ್ತಾ ನಿಮ್ಮ ತಲೆಯ ಮೇಲೇ ಸುತ್ತುತ್ತೆ. ಆಗ ಬಂದ ದಾರಿಯಲ್ಲೇ ವಾಪಸ್ ಬನ್ನಿ.

ಕರೆಂಟ್ ತಂತಿಯ ಮೇಲೆ ಮಂಕಾಗಿ ಕೂತಿರುವುದು ನಮ್ಮ ರಾಜ್ಯಪಕ್ಷಿ ನೀಲಕಂಠ. ನಡಿಗೆಯಲ್ಲಿ ಸೋಮಾರಿ. ಹಾರುವವರೆಗೂ ಕಾಯಿರಿ, ರೆಕ್ಕೆ ಬಿಚ್ಚಿದರೆ ನೀಲಿಯೋ ನೀಲಿ!

ಊರಿಗೆ ಹೋಗಲು ಆಗದಿದ್ದರೆ? ಅಮೆರಿಕದಲ್ಲಿರಲಿ, ಆಸ್ಟ್ರೇಲಿಯಾದಲ್ಲಿರಲಿ, ನೀವಿರುವಲ್ಲೇ ಕಿಟಕಿ ತೆಗೆಯಿರಿ. 1850ರ ದಶಕದಲ್ಲಿ ಇಂಗ್ಲೆಂಡಿನಿಂದ ನ್ಯೂಯಾರ್ಕಿಗೆ ಗುಬ್ಬಿಗಳನ್ನು ತಂದು ಬಿಟ್ಟರು. ಇವತ್ತು ಅಮೆರಿಕದ ಪಾರ್ಕಿಂಗ್ ಲಾಟುಗಳಲ್ಲಿ ಕುಪ್ಪಳಿಸುವುದು ಅದೇ ಜಾತಿ. 1860ರ ದಶಕದಲ್ಲಿ ಗೊರವಂಕವನ್ನು ಹುಳ ತಿನ್ನಲೆಂದು ಆಸ್ಟ್ರೇಲಿಯಾದ ಮೆಲ್ಬರ್ನಿಗೆ ಒಯ್ದರು. ಅದೀಗ ಅಲ್ಲಿನ ಹಕ್ಕಿಗಳ ಪೊಟರೆಗಳಿಗೇ ನುಗ್ಗಿ ಗೂಡು ಕಟ್ಟುತ್ತೆ ಅಂತ ಅಲ್ಲಿಯವರಿಗೆ ಅದರ ಮೇಲೆ ಕೋಪ. ಕೋಪಕ್ಕೆ ಕಾರಣವೂ ಇದೆ. ತಪ್ಪು ಮಾತ್ರ ಹಕ್ಕಿಯದಲ್ಲ, ಒಯ್ದವರದು.

ನಾಳೆ ಸ್ಕೂಲ್ ಬಸ್ಸಿಗೆ ಕಾಯುವಾಗ ಕೆಳಗೆ ನೋಡಿ. ಕುಪ್ಪಳಿಸಿತೋ, ನಡೆಯಿತೋ? ಭಾನುವಾರ ಅಜ್ಜಿಗೆ ಫೋನ್ ಮಾಡಿದಾಗ ಹೇಳಿ. ಅಲ್ಲಿ ಎಷ್ಟು ಬಂದಿದ್ದವು ಅಂತ ಅವರನ್ನೂ ಕೇಳಿ.